ಹೆರಿಗೆ ಆಸ್ಪತ್ರೆಯ ಮೊದಲ ದಿನಗಳು: ಹೊಸ ಅಪ್ಪಂದಿರು ತಿಳಿದಿರಬೇಕಾದದ್ದು

ಆಸ್ಪತ್ರೆಯಲ್ಲಿ ದಿನಕ್ಕೆ ಎರಡು-ಮೂರು ಸಲ ನರ್ಸ್‌ಗಳ ಪಾಳಿ ಬದಲಾಗುತ್ತದೆ. ಮಕ್ಕಳ ಡಾಕ್ಟರು ರೌಂಡ್ಸ್‌ಗೆ ಬಂದಾಗ ಒಂದು ಮಗುವಿನ ಹತ್ತಿರ ಐದು ನಿಮಿಷ ನಿಂತರೆ ಹೆಚ್ಚು. ಹೆತ್ತವಳಿಗೆ ನೋವು, ನಿದ್ದೆಗೇಡು. ಹಗಲು ಯಾವುದು ರಾತ್ರಿ ಯಾವುದು ಎಂಬ ಲೆಕ್ಕವೇ ತಪ್ಪಿರುತ್ತದೆ. ಹೀಗಿರುವಾಗ "ಮಗು ಕೊನೇ ಸಲ ಹಾಲು ಕುಡಿದದ್ದು ಯಾವಾಗ? ನಿನ್ನೆಯಿಂದ ಎಷ್ಟು ಸಲ ಉಚ್ಚೆ ಹೊಯ್ದಿದೆ?" ಎಂದು ಕೇಳಿದರೆ ನೆಟ್ಟಗೆ ಉತ್ತರ ಹೇಳಬಲ್ಲವರು ಅಪ್ಪ ಮಾತ್ರ. ಡಾಕ್ಟರು ಎಷ್ಟೋ ತೀರ್ಮಾನಗಳನ್ನು ಆ ಉತ್ತರದ ಮೇಲೇ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಬ್ಯಾಗಿಗೆ ಹಾಕಬೇಕಾದ ಮೊದಲ ವಸ್ತು ಒಂದು ಸಣ್ಣ ನೋಟ್‌ಬುಕ್ಕು, ದಾರ ಕಟ್ಟಿದ ಒಂದು ಪೆನ್ನು.

ಎಡಪುಟ ಮಗುವಿಗೆ: ಹಾಲು ಕುಡಿಯಲು ಶುರು ಮಾಡಿದ ಹೊತ್ತು, ಯಾವ ಕಡೆ, ಎಷ್ಟು ನಿಮಿಷ, ಉಚ್ಚೆ, ಕಕ್ಕ ಮತ್ತು ಅದರ ಬಣ್ಣ, ತೂಕ. ಬಲಪುಟ ತಾಯಿಗೆ: ಮಾತ್ರೆ, ಇಂಜೆಕ್ಷನ್ ಕೊಟ್ಟ ಹೊತ್ತು, ಜ್ವರ, ಬಿಪಿ, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳು. ಮೊಬೈಲಿನಲ್ಲಿ ಬರೆಯುವುದಕ್ಕಿಂತ ಕಾಗದ ಒಳ್ಳೆಯದು. ನೀವು ಔಷಧಿ ತರಲು ಕೆಳಗೆ ಹೋದಾಗ ಮೊಬೈಲೂ ನಿಮ್ಮ ಜೊತೆ ಹೋಗುತ್ತದೆ; ನೋಟ್‌ಬುಕ್ಕು ಹಾಸಿಗೆ ಪಕ್ಕದಲ್ಲೇ ಇದ್ದರೆ ಅತ್ತೆಯೋ ಅಮ್ಮನೋ ಬರೆಯಬಹುದು. ಸರ್ಕಾರಿ ಆಸ್ಪತ್ರೆಗಳ ಜನರಲ್ ವಾರ್ಡಿನಲ್ಲಿ ರಾತ್ರಿ ಸಾಮಾನ್ಯವಾಗಿ ಗಂಡಸರನ್ನು ಬಿಡುವುದಿಲ್ಲ. ಅಲ್ಲಂತೂ ರಾತ್ರಿ ಜೊತೆಗಿರುವ ಹೆಂಗಸರಿಗೆ ಮೊದಲೇ ಹೇಳಿಕೊಟ್ಟು, ಬೆಳಿಗ್ಗೆ ಬಂದ ತಕ್ಷಣ ಓದಿಕೊಳ್ಳಿ.

ಇದರ ಜೊತೆ ಒಂದೇ ಫೈಲಿನಲ್ಲಿ ತಾಯಿ ಕಾರ್ಡ್, ಇಬ್ಬರ ಆಧಾರ್, ಎಲ್ಲ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯ ವರದಿಗಳು, ಇನ್ಶೂರೆನ್ಸ್ ಕಾರ್ಡ್ ಇರಲಿ. ಪ್ರತಿಯೊಂದರ ಎರಡು ಜೆರಾಕ್ಸ್ ಬೇಕು. ಮಗುವಿಗೆ ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆ, ನಾಲ್ಕೈದು ಕುಲಾವಿ, ಹತ್ತಿಪ್ಪತ್ತು ಲಂಗೋಟಿ ಅಥವಾ ಡೈಪರ್. ಇಲ್ಲೊಂದು ಎಚ್ಚರಿಕೆ: ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ ಹಳೇ ಸೀರೆ, ದುಪ್ಪಟಿಗಳನ್ನು ಮಗುವಿಗೆ ಸುತ್ತಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಗುವಿಗೆ ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ತಾಗಿದರೆ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರುತ್ತದೆ. ಆ ಕೊರತೆ ಇದೆಯೋ ಇಲ್ಲವೋ ಮೊದಲ ದಿನ ಯಾರಿಗೂ ಗೊತ್ತಿರುವುದಿಲ್ಲ.

ಮೊದಲ ಗಂಟೆ

ಮಗುವನ್ನು ಕೈಗೆ ಕೊಟ್ಟಾಗ ಕಾಲಿನ ಅಥವಾ ಕೈಯ ಪಟ್ಟಿಯನ್ನು ನೋಡಿ, ತಾಯಿಯ ಪಟ್ಟಿಯಲ್ಲಿರುವ ಹೆಸರು ಮತ್ತು ನಂಬರಿಗೆ ತಾಳೆ ಮಾಡಿ. ಹುಟ್ಟಿದ ಹೊತ್ತು, ತೂಕ, ಮಗುವಿನ ರಕ್ತದ ಗುಂಪು ಬರೆದುಕೊಳ್ಳಿ. ತಾಯಿಯದು ನೆಗೆಟಿವ್ ಗುಂಪಾಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ ತಾಯಿಗೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಲೇಬೇಕು. ಇದು ಈ ಮಗುವಿಗಲ್ಲ, ಮುಂದಿನ ಬಸಿರಿಗೆ ರಕ್ಷಣೆ. ಆಸ್ಪತ್ರೆಯವರು ಸಾಮಾನ್ಯವಾಗಿ ಮರೆಯುವುದಿಲ್ಲ, ಆದರೂ ಕೇಳಿ ಖಚಿತಪಡಿಸಿಕೊಳ್ಳಿ.

ಸಹಜ ಹೆರಿಗೆಯಾದರೆ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು. ಸಿಸೇರಿಯನ್ ಆಗಿದ್ದರೆ ತಾಯಿ ರಿಕವರಿಯಿಂದ ವಾರ್ಡಿಗೆ ಬರುವುದು ತಡವಾಗಬಹುದು. ಆ ಹೊತ್ತಿನಲ್ಲಿ ಮಗುವನ್ನು ಬೆಚ್ಚಗಿಡುವ ಕೆಲಸ ಅಪ್ಪನಿಗೆ ಬರುತ್ತದೆ, ಆಸ್ಪತ್ರೆಯವರು ಒಪ್ಪಿದರೆ. ಅಂಗಿಯ ಗುಂಡಿ ಬಿಚ್ಚಿ, ಮಗುವಿಗೆ ಕುಲಾವಿ ಮತ್ತು ಡೈಪರ್ ಮಾತ್ರ ಇರುವಂತೆ ಮಾಡಿ, ನಿಮ್ಮ ಎದೆಯ ಮೇಲೆ ನೆಟ್ಟಗೆ ಒರಗಿಸಿಕೊಳ್ಳಿ. ಮಗುವಿನ ಮುಖ ಒಂದು ಪಕ್ಕಕ್ಕೆ ತಿರುಗಿರಲಿ, ಮೂಗು-ಬಾಯಿ ನಿಮಗೆ ಕಾಣುತ್ತಿರಲಿ, ಮಗುವಿನ ಗದ್ದ ಅದರದೇ ಎದೆಗೆ ಒತ್ತಿಕೊಂಡಿರಬಾರದು. ಬೆನ್ನಿನ ಮೇಲೆ ಒಂದು ಬಟ್ಟೆ ಹೊದಿಸಿ. ಚರ್ಮಕ್ಕೆ ಚರ್ಮ ತಾಗಿದಾಗ ಮಗುವಿನ ಮೈಬಿಸಿ, ಉಸಿರು ಎರಡೂ ಹದಕ್ಕೆ ಬರುತ್ತವೆ. ನಿಮಗೆ ತೂಕಡಿಕೆ ಬಂದರೆ ಕೂಡಲೇ ಮಗುವನ್ನು ತೊಟ್ಟಿಲಿಗೆ ಹಾಕಿ. ಕುರ್ಚಿ, ಸೋಫಾದ ಮೇಲೆ ಮಗುವನ್ನು ಎದೆಗಿಟ್ಟುಕೊಂಡು ನಿದ್ದೆ ಹೋಗುವುದು ಅಪಾಯ.

ಮಗುವಿನ ಮೈಬಿಸಿ ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಪ್ರೈವೇಟ್ ರೂಮಿನಲ್ಲಿ ಎಸಿಯನ್ನು 26ರ ಆಸುಪಾಸಿಗೆ ಇಟ್ಟು, ಗಾಳಿ ನೇರ ಮಗುವಿಗೆ ಬಡಿಯದಂತೆ ನೋಡಿ. ಮೊದಲ 24 ಗಂಟೆ ಸ್ನಾನ ಬೇಡ. ಮೈಮೇಲಿನ ಬಿಳಿ ಲೇಪವನ್ನು ಉಜ್ಜಿ ತೆಗೆಯಬೇಕಾಗಿಲ್ಲ, ಅದು ಚರ್ಮಕ್ಕೆ ಕಾಪು.

ಹಾಲು

ಮೊದಲ ದಿನಗಳ ಆತಂಕವೆಲ್ಲ ಇದರ ಸುತ್ತಲೇ. "ಹಾಲೇ ಬಂದಿಲ್ಲ" ಎಂಬ ಮಾತು ಪ್ರತಿ ವಾರ್ಡಿನಲ್ಲೂ ಕೇಳುತ್ತದೆ. ಮೊದಲೆರಡು ದಿನ ಬರುವುದು ಹಳದಿ ಬಣ್ಣದ, ಮಂದನೆಯ ಗಿಣ್ಣು ಹಾಲು. ಬರುವುದು ಹನಿಗಳಲ್ಲಿ, ಏಕೆಂದರೆ ಬೇಕಾಗಿರುವುದೂ ಅಷ್ಟೇ: ಮೊದಲ ದಿನ ಒಂದು ಸಲಕ್ಕೆ 5ರಿಂದ 7 ಮಿಲಿ, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು. ಹಾಲು ತುಂಬಿ ಬರುವುದು ಎರಡರಿಂದ ನಾಲ್ಕನೇ ದಿನದಲ್ಲಿ. ಸಿಸೇರಿಯನ್ ಆದವರಿಗೆ ಸ್ವಲ್ಪ ತಡ. ಅಲ್ಲಿಯವರೆಗೆ ದಿನಕ್ಕೆ 8ರಿಂದ 12 ಸಲ ಎದೆಗೆ ಹಾಕಬೇಕು. ಮಗು ಅಳುವವರೆಗೆ ಕಾಯಬೇಡಿ. ಬಾಯಿ ಚಪ್ಪರಿಸುವುದು, ಕೈಯನ್ನು ಬಾಯಿಗೆ ಒಯ್ಯುವುದು, ತಲೆ ಆ ಕಡೆ ಈ ಕಡೆ ತಿರುಗಿಸಿ ಹುಡುಕುವುದು ಹಸಿವಿನ ಗುರುತು. ಅಳು ಕೊನೆಯ ಹಂತ. ಅಷ್ಟು ಹೊತ್ತಿಗೆ ಮಗು ಸಿಟ್ಟಿಗೆದ್ದು ಮೊಲೆ ಹಿಡಿಯುವುದೇ ಕಷ್ಟವಾಗುತ್ತದೆ.

ಮಗು ಹೇಗೆ ಹಿಡಿದಿದೆ ಎಂಬುದನ್ನು ತಾಯಿಗಿಂತ ಎದುರಿಗೆ ನಿಂತ ನೀವು ಚೆನ್ನಾಗಿ ನೋಡಬಲ್ಲಿರಿ. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು. ಕತ್ತು ಮಾತ್ರ ತಿರುಗಿಸಿ ಕುಡಿಯುವಂತೆ ಇರಬಾರದು. ಬಾಯಿ ಆಕಳಿಸುವಷ್ಟು ಅಗಲ ತೆರೆದಾಗ ಮಗುವನ್ನು ಎದೆಗೆ ತರಬೇಕು, ಎದೆಯನ್ನು ಬಗ್ಗಿಸಿ ಮಗುವಿನ ಬಾಯಿಗೆ ಇಡುವುದಲ್ಲ. ಮಗುವಿನ ಗದ್ದ ತಾಯಿಯ ಎದೆಗೆ ತಾಗಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲುಗಡೆ ಹೆಚ್ಚು ಕಾಣಬೇಕು. ಬರೀ ತೊಟ್ಟನ್ನು ಚೀಪುತ್ತಿದ್ದರೆ ಮಗುವಿಗೆ ಹಾಲು ಸಿಗುವುದಿಲ್ಲ, ತಾಯಿಯ ತೊಟ್ಟು ಬಿರಿಯುತ್ತದೆ. ಕುಡಿಯಲು ಶುರುವಾಗಿ ಅರ್ಧ ನಿಮಿಷವಾದ ಮೇಲೂ ತಾಯಿ ನೋವಿನಿಂದ ಹಲ್ಲು ಕಚ್ಚುತ್ತಿದ್ದರೆ ಹಿಡಿತ ತಪ್ಪಿದೆ ಎಂದರ್ಥ. ಶುದ್ಧವಾಗಿ ತೊಳೆದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಲ್ಲಿ ಇಟ್ಟು ಹಿಡಿತ ಬಿಡಿಸಿ ಮತ್ತೆ ಹಾಕಿಸಿ. ಸಿಸೇರಿಯನ್ ಆದವರಿಗೆ ಹೊಟ್ಟೆಯ ಮೇಲೆ ಭಾರ ಬೀಳದಂತೆ ಮಗ್ಗುಲಾಗಿ ಮಲಗಿ, ಇಲ್ಲವೇ ಮಗುವಿನ ಕಾಲು ಹಿಂದಕ್ಕೆ ಹೋಗುವಂತೆ ಕಂಕುಳಡಿ ಹಿಡಿದು ಕುಡಿಸುವುದು ಸುಲಭ. ದಿಂಬು ಜೋಡಿಸುವುದು, ಮಗುವನ್ನು ಎತ್ತಿ ಕೊಡುವುದು, ಕುಡಿದಾದ ಮೇಲೆ ಹೆಗಲಿಗೆ ಹಾಕಿ ತೇಗಿಸುವುದು, ಬಟ್ಟೆ ಬದಲಿಸುವುದು ಪೂರ್ತಿ ನಿಮ್ಮ ಪಾಲು. ಪ್ರತಿ ಸಲ ಕುಡಿಸಲು ಕೂತಾಗ ಹೆಂಡತಿಯ ಕೈಗೆಟಕುವಲ್ಲಿ ಒಂದು ಲೋಟ ನೀರಿಡಿ.

ಎರಡನೇ ರಾತ್ರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮೊದಲ ದಿನ ನಿದ್ದೆಯಲ್ಲೇ ಕಳೆದ ಮಗು ಆ ರಾತ್ರಿ ಗಂಟೆಗೊಮ್ಮೆ, ಅರ್ಧ ಗಂಟೆಗೊಮ್ಮೆ ಹಾಲಿಗೆ ಹಟ ಮಾಡುತ್ತದೆ. ರಾತ್ರಿ ಎರಡು ಗಂಟೆಗೆ ಪುಡಿ ಹಾಲಿನ ಡಬ್ಬ ತರಲು ಹೊರಡುವುದು ಇಂಥ ಹೊತ್ತಿನಲ್ಲೇ. ಮಗು ಹೆಚ್ಚು ಚೀಪಿದಷ್ಟೂ ಹಾಲು ಬೇಗ ಇಳಿಯುತ್ತದೆ. ಹೊಟ್ಟೆಗೆ ಪುಡಿ ಹಾಲು ಬಿದ್ದರೆ ಮಗು ನಾಲ್ಕು ಗಂಟೆ ಮಲಗುತ್ತದೆ, ಎದೆಗೆ ಆ ಪ್ರಚೋದನೆ ತಪ್ಪುತ್ತದೆ. ಡಬ್ಬ ತರುವ ಮೊದಲು ಡ್ಯೂಟಿ ನರ್ಸನ್ನು ಕರೆದು ಹಿಡಿತ ನೋಡಲು ಹೇಳಿ.

ಹಾಗೆಂದು ಮೇಲುಹಾಲು ಕೊಡಲೇಬಾರದು ಎಂದಲ್ಲ. ತಾಯಿಗೆ ಸಕ್ಕರೆ ಕಾಯಿಲೆ ಇದ್ದು ಮಗುವಿನ ರಕ್ತದ ಸಕ್ಕರೆ ಇಳಿದಿದ್ದರೆ, ಮಗು ಅವಧಿಗೆ ಮೊದಲೇ ಹುಟ್ಟಿದ್ದರೆ, ತೂಕ ಬಹಳ ಇಳಿದಿದ್ದರೆ ಡಾಕ್ಟರೇ ಕೊಡಲು ಹೇಳುತ್ತಾರೆ. ಆಗ ತಾಯಿಗೆ ತಪ್ಪು ಮಾಡಿದ ಭಾವನೆ ಬರದಂತೆ ನೋಡಿಕೊಳ್ಳಿ, ಎಷ್ಟು ಮಿಲಿ, ಎಷ್ಟು ಹೊತ್ತಿಗೊಮ್ಮೆ ಎಂದು ಬರೆಸಿಕೊಳ್ಳಿ. ಮೊದಲು ಎದೆಹಾಲು, ಆಮೇಲೆ ಅದು. ಬಾಟಲಿ ಬೇಡ, ಒಳಲೆ (ಮೂತಿ ಇರುವ ಪುಟ್ಟ ಬಟ್ಟಲು) ಸಾಕು. ಒಳಲೆಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ. ಮಗುವಿನ ತಲೆ ಎತ್ತರಕ್ಕಿರುವಂತೆ ಅರ್ಧ ಕೂರಿಸಿ, ಗದ್ದದ ಕೆಳಗೆ ಬಟ್ಟೆ ಇಟ್ಟು, ಒಳಲೆಯ ಮೂತಿಯನ್ನು ಕೆಳತುಟಿಯ ಅಂಚಿಗೆ ತಾಗಿಸಿ, ಹಾಲು ತುಟಿಗೆ ಮುಟ್ಟುವಷ್ಟೇ ಬಗ್ಗಿಸಿ. ಮಗು ತಾನಾಗಿ ನೆಕ್ಕಿ ಹೀರಲಿ, ನುಂಗಿದ ಮೇಲೆ ಮುಂದಿನದು. ಬಾಯಿಗೆ ಹುಯ್ದರೆ, ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಪುಡಿ ಹಾಲಾದರೆ ಡಬ್ಬದ ಮೇಲಿನ ಅಳತೆಯೇ ಅಂತಿಮ. ಮೊದಲು ನೀರು ಅಳೆದು ಆಮೇಲೆ ಮಟ್ಟಸವಾಗಿ ಸವರಿದ ಚಮಚ ಪುಡಿ. ಉಳಿಯಲಿ ಎಂದು ನೀರು ಹೆಚ್ಚಿಸುವುದೂ, ಪುಷ್ಟಿಯಾಗಲಿ ಎಂದು ಪುಡಿ ಹೆಚ್ಚಿಸುವುದೂ ಮಗುವಿಗೆ ಕೆಟ್ಟದ್ದು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ. ಎನ್‌ಐಸಿಯುನಲ್ಲಿರುವ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸಣ್ಣ ಮಗುವಿಗೆ ದಾನಿ ಹಾಲು ಸಿಗುತ್ತದೆಯೇ ಎಂದು ನಿಮ್ಮ ಡಾಕ್ಟರನ್ನೂ ಕೇಳಬಹುದು.

ಹಾಲು ಸಾಕಾಗುತ್ತಿದೆಯೇ ಎಂಬುದಕ್ಕೆ ಉತ್ತರ ನಿಮ್ಮ ಎಡಪುಟದಲ್ಲಿದೆ. ಮೊದಲ ದಿನ ಕನಿಷ್ಠ ಒಂದು ಸಲ ಉಚ್ಚೆ, ಎರಡನೇ ದಿನ ಎರಡು, ಮೂರನೇ ದಿನ ಮೂರು. ಐದಾರನೇ ದಿನದಿಂದ ಆರಕ್ಕೆ ಕಡಿಮೆ ಇಲ್ಲ. ಕಕ್ಕ ಮೊದಲು ಡಾಂಬರಿನಂತೆ ಕಪ್ಪಗೆ ಅಂಟಂಟು, ಮೂರು-ನಾಲ್ಕನೇ ದಿನ ಹಸಿರು ಮಿಶ್ರಿತ ಕಂದು, ಆಮೇಲೆ ಸಾಸಿವೆ ಹಳದಿ. ಮೊದಲ ಕಪ್ಪು ಕಕ್ಕ 24 ಗಂಟೆಯೊಳಗೆ ಆಗದಿದ್ದರೆ ಡಾಕ್ಟರಿಗೆ ತಿಳಿಸಿ. ಮೊದಲೆರಡು ದಿನ ಲಂಗೋಟಿಯಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಕಲೆ ಕಂಡರೆ ಅದು ಯೂರೇಟ್ ಹರಳು, ರಕ್ತವಲ್ಲ. ನಾಲ್ಕನೇ ದಿನವೂ ಕಂಡರೆ ಹಾಲು ಸಾಲುತ್ತಿಲ್ಲ. ತೂಕ ಇಳಿಯುವುದು ಸಹಜ. 3 ಕೆಜಿಯ ಮಗು 2.8ಕ್ಕೆ ಇಳಿದರೆ ಹೆದರಬೇಕಿಲ್ಲ, 2.7 ಮುಟ್ಟಿದರೆ ಹತ್ತು ಶೇಕಡಾ ಇಳಿದಂತೆ, ಅದಕ್ಕೆ ಪರಿಹಾರ ಆಗಬೇಕು. ಒಂದೇ ತೂಕದ ಯಂತ್ರದಲ್ಲಿ, ಬಟ್ಟೆ ಇಲ್ಲದೆ ತೂಗಿಸಿ. ಹುಟ್ಟಿದಾಗಿನ ತೂಕಕ್ಕೆ ಮರಳಲು ಹತ್ತರಿಂದ ಹದಿನಾಲ್ಕು ದಿನ ಬೇಕು.

ಕಾಮಾಲೆ

ಹೆಚ್ಚಿನ ಮಕ್ಕಳಿಗೆ ಎರಡು-ಮೂರನೇ ದಿನ ಮೈ ಸ್ವಲ್ಪ ಹಳದಿಯಾಗುತ್ತದೆ. ನೋಡುವ ಬಗೆ ಹೀಗೆ: ಹಗಲಿನಲ್ಲಿ ಮಗುವನ್ನು ಕಿಟಕಿಯ ಬೆಳಕಿಗೆ ತನ್ನಿ, ಟ್ಯೂಬ್‌ಲೈಟಿನಲ್ಲಿ ಬಣ್ಣ ಗೊತ್ತಾಗುವುದಿಲ್ಲ. ಹಣೆ, ಎದೆ, ಹೊಟ್ಟೆ, ತೊಡೆ, ಅಂಗಾಲು ಹೀಗೆ ಮೇಲಿಂದ ಕೆಳಕ್ಕೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಬೆರಳು ತೆಗೆದ ಕ್ಷಣ ಚರ್ಮ ಬಿಳಿಚಿಕೊಳ್ಳಬೇಕು, ಹಳದಿ ಕಂಡರೆ ಕಾಮಾಲೆ. ಅದು ಮುಖದಿಂದ ಕೆಳಕ್ಕೆ ಇಳಿಯುತ್ತದೆ. ಅಂಗೈ, ಅಂಗಾಲು ಹಳದಿಯಾದರೆ ಮಟ್ಟ ಬಹಳ ಏರಿದೆ. ಕಪ್ಪು ಮೈಬಣ್ಣದ ಮಗುವಿನಲ್ಲಿ ಕಣ್ಣಿನ ಬಿಳಿ ಮತ್ತು ವಸಡು ನೋಡಿ.

ಹುಟ್ಟಿದ 24 ಗಂಟೆಯೊಳಗೆ ಕಾಣುವ ಹಳದಿಯನ್ನು ಎಂದೂ ಸಹಜ ಎನ್ನುವಂತಿಲ್ಲ, ಆಗಲೇ ರಕ್ತಪರೀಕ್ಷೆ ಆಗಬೇಕು. ತಾಯಿ ಓ ಗುಂಪು, ಮಗು ಎ ಅಥವಾ ಬಿ ಆಗಿದ್ದರೂ ಹೆಚ್ಚು ಗಮನ ಬೇಕು. ರಕ್ತದಲ್ಲಿ ಹೆಚ್ಚಾಗಿ ಮೈ ಹಳದಿ ಮಾಡುವ ಬಿಲಿರುಬಿನ್‌ನ ಸಂಖ್ಯೆಯನ್ನು ಮಗುವಿನ ವಯಸ್ಸಿನ ಗಂಟೆಗಳ ಜೊತೆಗೇ ಓದಬೇಕು. 20 ಗಂಟೆಯ ಮಗುವಿನಲ್ಲಿ 12 ಬಂದರೆ ಗಂಭೀರ. ತುಂಬು ತಿಂಗಳಿಗೆ ಹುಟ್ಟಿದ ಆರೋಗ್ಯವಂತ ಮಗುವಿನಲ್ಲಿ ನಾಲ್ಕನೇ ದಿನ ಅದೇ 12ಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಅದಕ್ಕೇ ರಕ್ತ ತೆಗೆದ ಹೊತ್ತನ್ನೂ ಬರೆದಿಡಿ. ಬೆಳಗಿನ ಎಳೆಬಿಸಿಲಿಗೆ ಹಿಡಿದರೆ ಸಾಕು ಎಂದು ಹಿರಿಯರು ಹೇಳುತ್ತಾರೆ. ಬಿಸಿಲು ಚಿಕಿತ್ಸೆಯಲ್ಲ, ಬತ್ತಲೆ ಮಗುವಿಗೆ ಬೆಂಗಳೂರಿನ ಬೆಳಗಿನ ಚಳಿ ತಾಗುವುದೇ ಹೆಚ್ಚು. ನೀಲಿ ಬೆಳಕಿನ ಫೋಟೊಥೆರಪಿ ಹೇಳಿದರೆ ಕಣ್ಣಿಗೆ ಪಟ್ಟಿ ಸರಿಯಾಗಿ ಕೂತಿದೆಯೇ, ಜಾರಿ ಮೂಗು ಮುಚ್ಚಿಲ್ಲವೇ ನೋಡುತ್ತಿರಿ. ಹಾಲಿಗೆ ಬಿಟ್ಟು ಬೇರೆ ಯಾವುದಕ್ಕೂ ಬೆಳಕಿನಿಂದ ಹೊರತೆಗೆಯಬೇಡಿ. ನೆಂಟರಿಗೆ ತೋರಿಸಲು ಎತ್ತಿಕೊಂಡ ಒಂದೊಂದು ಹತ್ತು ನಿಮಿಷವೂ ಚಿಕಿತ್ಸೆಯಿಂದ ಕಳೆದುಹೋಗುತ್ತದೆ.

ಲಸಿಕೆ, ಪರೀಕ್ಷೆ

ವಿಟಮಿನ್ ಕೆ 1 ಮಿಲಿಗ್ರಾಂ ತೊಡೆಗೆ, ಹುಟ್ಟಿದ ಕೂಡಲೇ, ರಕ್ತಸ್ರಾವ ತಡೆಯಲು. ಹೆಪಟೈಟಿಸ್ ಬಿ 24 ಗಂಟೆಯೊಳಗೆ. ಬಿಸಿಜಿ ಎಡ ತೋಳಿಗೆ, ಪೋಲಿಯೊ ಎರಡು ಹನಿ ಬಾಯಿಗೆ. ಇವು ತಾಯಿ ಕಾರ್ಡಿನಲ್ಲಿ ತಾರೀಖಿನ ಸಮೇತ ದಾಖಲಾಗಬೇಕು. ಬಿಸಿಜಿ ಹಾಕಿದಲ್ಲಿ ಕೆಲವು ವಾರಗಳ ನಂತರ ಗುಳ್ಳೆ ಎದ್ದು ಕೀವಾಗಿ ಒಣಗುತ್ತದೆ. ಮುಲಾಮು ಹಚ್ಚಬೇಡಿ, ಹಿಸುಕಬೇಡಿ. 48ರಿಂದ 72 ಗಂಟೆಯ ಹೊತ್ತಿಗೆ ಹಿಮ್ಮಡಿಯಿಂದ ರಕ್ತ ತೆಗೆದು ಥೈರಾಯ್ಡ್, ಜಿ6ಪಿಡಿ ಮುಂತಾದವನ್ನು ನೋಡುತ್ತಾರೆ. ಥೈರಾಯ್ಡ್ ಕೊರತೆಯನ್ನು ಮೊದಲ ವಾರಗಳಲ್ಲೇ ಹಿಡಿದರೆ ದಿನಕ್ಕೊಂದು ಮಾತ್ರೆಯಿಂದ ಮಗುವಿನ ಬುದ್ಧಿ ಬೆಳವಣಿಗೆ ಉಳಿಯುತ್ತದೆ, ಆದ್ದರಿಂದ ಈ ಪರೀಕ್ಷೆಗೆ ಬೇಡ ಎನ್ನಬೇಡಿ. ಕಿವಿಯ ಪರೀಕ್ಷೆ ಆಯಿತೇ ಎಂದೂ ಕೇಳಿ.

ತಾಯಿಯ ಕಡೆ ಕಣ್ಣು

ಎಲ್ಲರೂ ಮಗುವಿನ ಸುತ್ತ ಸೇರಿದಾಗ ಬಾಣಂತಿಯನ್ನು ನೋಡುವವರು ಇರುವುದಿಲ್ಲ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ನಿಂಬೆಹಣ್ಣಿನ ಗಾತ್ರದ ಹೆಪ್ಪು ಹೋದರೆ, ತಲೆ ತಿರುಗಿ ಬೆವರಿದರೆ ಬೆಲ್ ಒತ್ತಿ ಕಾಯುತ್ತ ಕೂರಬೇಡಿ, ನರ್ಸಿಂಗ್ ಸ್ಟೇಷನ್‌ಗೆ ಓಡಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು ಬಿಪಿ ಏರಿದ ಗುರುತಿರಬಹುದು. ಹೆರಿಗೆಯ ನಂತರವೂ ಬಿಪಿ ಏರುತ್ತದೆ. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, 38 ಡಿಗ್ರಿ ದಾಟಿದ ಜ್ವರ, ಕ್ಯಾತಿಟರ್ (ಮೂತ್ರದ ನಳಿಕೆ) ತೆಗೆದು ಆರು ಗಂಟೆಯಾದರೂ ಮೂತ್ರ ಆಗದಿರುವುದು ಇವನ್ನೂ ತಿಳಿಸಿ. ಸಿಸೇರಿಯನ್ ಆದ ಮೇಲೆ ಮೊದಲ ಸಲ ಎದ್ದು ನಿಲ್ಲುವಾಗ ಪಕ್ಕದಲ್ಲಿ ನೀವಿರಿ, ಬೀಳುವುದು ಆಗಲೇ.

ಮೂರರಿಂದ ಐದನೇ ದಿನದಲ್ಲಿ ಕಾರಣವಿಲ್ಲದ ಅಳು ಬಹಳ ಜನ ಬಾಣಂತಿಯರಿಗೆ ಬರುತ್ತದೆ. ಬುದ್ಧಿ ಹೇಳಬೇಡಿ, ಮಗುವನ್ನು ನೀವು ನೋಡಿಕೊಂಡು ಅವರಿಗೆ ಎರಡು-ಮೂರು ಗಂಟೆ ಎಡೆಬಿಡದ ನಿದ್ದೆ ಕೊಡಿ. ಎರಡು ವಾರ ಕಳೆದರೂ ಹೋಗದಿದ್ದರೆ, ನಿದ್ದೆ ಮಾಡಲು ಅವಕಾಶವಿದ್ದರೂ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ, ಇಲ್ಲದ್ದು ಕಾಣುತ್ತಿದೆ ಎಂದರೆ ಅದೇ ದಿನ ಆಸ್ಪತ್ರೆಗೆ; ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟು ನೋಡುವ ಘಟಕವಿದೆ.

ನೆಂಟರು

ಬರುವವರನ್ನು ತಡೆಯುವ ಕೆಲಸ ಹೆಂಡತಿಯ ಮೇಲೆ ಬೀಳಬಾರದು. "ಡಾಕ್ಟರು ಬೇಡ ಅಂದಿದ್ದಾರೆ, ಮನೆಗೆ ಬನ್ನಿ ದೊಡ್ಡಮ್ಮ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬಂದವರು ಸೋಪಿನಿಂದ ಕೈ ತೊಳೆಯಲಿ, ನೆಗಡಿ-ಕೆಮ್ಮು ಇದ್ದವರು ದೂರ ಇರಲಿ, ಮುಖಕ್ಕೆ ಮುತ್ತು ಬೇಡ. ಜೇನುತುಪ್ಪ ನೆಕ್ಕಿಸುವುದು, ಸಕ್ಕರೆ ನೀರು, ತೇಯ್ದ ಬಜೆ, ಕತ್ತೆ ಹಾಲು ಯಾವುದೂ ಬೇಡ. ಜೇನಿನಲ್ಲಿರಬಹುದಾದ ಬೊಟುಲಿಸಂ ಬೀಜಾಣು ಒಂದು ವರ್ಷದೊಳಗಿನ ಮಗುವಿನ ನರಗಳನ್ನೇ ಕುಗ್ಗಿಸಬಲ್ಲದು. ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಡಲಿ, ಕಣ್ಣಿಗೆ ಕಾಡಿಗೆ ಬೇಡ. ಹೊಕ್ಕುಳಿಗೆ ಎಣ್ಣೆ, ಅರಿಸಿನ, ಪೌಡರ್ ಹಚ್ಚಬಾರದು. ಒಣಗಿದ್ದರೆ ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ. ಅಜ್ಜಿಯರಿಗೆ ಬರೀ ಬೇಡ ಬೇಡ ಎನ್ನುವ ಬದಲು ಬಾಣಂತಿಯ ಬಿಸಿ ಊಟ, ರಾತ್ರಿಯ ಒಂದು ಸರದಿ ಅವರಿಗೆ ವಹಿಸಿ. ಅನುಭವ ಅವರಲ್ಲಿ ನಿಜಕ್ಕೂ ಇದೆ, ಮಗುವನ್ನು ಸಮಾಧಾನ ಮಾಡುವುದನ್ನು ಅವರಿಂದಲೇ ಕಲಿಯಬೇಕು.

ಬಿಲ್ಲು, ಜನನ ಪತ್ರ

ಇನ್ಶೂರೆನ್ಸ್ ಇದ್ದರೆ ಅಡ್ಮಿಟ್ ಆದ ದಿನವೇ ಟಿಪಿಎ ಡೆಸ್ಕಿನಲ್ಲಿ (ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕೆಲಸ ನೋಡುವ ಕೌಂಟರ್) ಮೂರು ವಿಷಯ ಕೇಳಿ: ಹೆರಿಗೆಗೆ ಮಿತಿ ಎಷ್ಟು, ರೂಮಿನ ಬಾಡಿಗೆಗೆ ಮಿತಿ ಇದೆಯೇ, ಮಗುವಿನ ಖರ್ಚು ಮೊದಲ ದಿನದಿಂದ ಸೇರುತ್ತದೆಯೇ. ಮಿತಿಗಿಂತ ದುಬಾರಿ ರೂಮು ಹಿಡಿದರೆ ಕೆಲವು ಪಾಲಿಸಿಗಳಲ್ಲಿ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ಡಾಕ್ಟರ ಫೀಸು ಮುಂತಾದವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ಮಗು ಎನ್‌ಐಸಿಯುಗೆ ಹೋದರೆ ಅದರ ಬಿಲ್ಲು ಬೇರೆ. ಪ್ರತಿ ಸಂಜೆ ಅಲ್ಲಿಯವರೆಗಿನ ಬಿಲ್ಲು ಕೇಳಿ ಪಡೆಯಿರಿ. ಡಿಸ್ಚಾರ್ಜ್ ನಾಳೆ ಎಂದು ಗೊತ್ತಾದ ಸಂಜೆಯೇ ಡೆಸ್ಕಿಗೆ ತಿಳಿಸಿ. ಆಸ್ಪತ್ರೆ ಕೊನೆಯ ಬಿಲ್ಲು ಕಳಿಸಿದ ಮೂರು ಗಂಟೆಯೊಳಗೆ ಕಂಪನಿ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಬಿಲ್ಲು ಕಳಿಸುವುದೇ ಮಧ್ಯಾಹ್ನವಾದರೆ ಮನೆ ಸೇರುವುದು ರಾತ್ರಿಗೆ. ಮಗುವಿನ ಹೆಸರನ್ನು ಪಾಲಿಸಿಗೆ ಸೇರಿಸುವ ಗಡುವನ್ನು ಆಫೀಸಿನ ಎಚ್‌ಆರ್ ಹತ್ತಿರ ಕೇಳಿ ಗುರುತು ಹಾಕಿಕೊಳ್ಳಿ.

ಜನನ ನೋಂದಣಿಗೆ ಆಸ್ಪತ್ರೆಯೇ ಮಾಹಿತಿ ಕಳಿಸುತ್ತದೆ, 21 ದಿನ ಅದರ ಅವಧಿ. ನಿಮ್ಮ ಕೆಲಸ ಫಾರಂ ಸರಿಯಾಗಿ ತುಂಬುವುದು. ತಂದೆ-ತಾಯಿಯ ಹೆಸರು, ಇನಿಷಿಯಲ್ ಸಮೇತ, ಆಧಾರ್‌ನಲ್ಲಿ ಇದ್ದಂತೆಯೇ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಅವಸರದಲ್ಲಿ ಇನ್ನೊಬ್ಬರ ಕೈಲಿ ತುಂಬಿಸಿದರೆ ಒಂದು ಅಕ್ಷರದ ತಪ್ಪಿಗೆ ಆಮೇಲೆ ಅಲೆಯಬೇಕು. ನಾಮಕರಣ ಆಗಿಲ್ಲದಿದ್ದರೆ ಮಗುವಿನ ಹೆಸರಿನ ಜಾಗ ಖಾಲಿ ಬಿಡಿ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಮುಂತಾದೆಡೆ ಹುಟ್ಟಿದ ದಿನಕ್ಕೆ ಈ ಪತ್ರವೇ ಆಧಾರ. ಬೆಂಗಳೂರಿನಲ್ಲಿ ಈಗ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಿವೆ. ನೋಂದಣಿ ಆಗುವುದು ಮಗು ಹುಟ್ಟಿದ ಸ್ಥಳದಲ್ಲಿ, ಮನೆಯ ವಿಳಾಸದಲ್ಲಲ್ಲ.

ಮನೆಗೆ

ಹೊರಡುವ ಮೊದಲು ಹಾಲು ಕುಡಿಸಿ, ಬಟ್ಟೆ ಬದಲಿಸಿ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರೊಳಗೆ ಹೊರಟರೆ ಬೆಂಗಳೂರಿನ ಹೊರವರ್ತುಲ ರಸ್ತೆ, ಸಿಲ್ಕ್ ಬೋರ್ಡ್ ಕಡೆಯ ಸಾಲಿನಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಕಾರಿನಲ್ಲಿ ಹಿಂಮುಖವಾಗಿ ಕಟ್ಟುವ ಮಕ್ಕಳ ಸೀಟು ಒಳ್ಳೆಯದು. ಅದನ್ನು ಹಿಂದಿನ ಸೀಟಿನಲ್ಲಿ ಒಂದು ದಿನ ಮೊದಲೇ ಕಟ್ಟಿ ನೋಡಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಾದರೆ ಮನೆಗೆ ಬಿಡುವ ನಗು-ಮಗು ವಾಹನ ಉಚಿತ, ಹಿಂದಿನ ದಿನವೇ ಕೇಳಿಡಿ.

ಡಿಸ್ಚಾರ್ಜ್ ಸಾರಾಂಶದಲ್ಲಿ ಮಗುವಿನ ಆ ದಿನದ ತೂಕ, ಬಿಲಿರುಬಿನ್, ಕೊಟ್ಟ ಲಸಿಕೆ ಬರೆದಿದೆಯೇ ಓದಿ ನೋಡಿ. ಎರಡು-ಮೂರು ದಿನದೊಳಗೆ ಮಕ್ಕಳ ಡಾಕ್ಟರ ಹತ್ತಿರ ತೂಕ ಮತ್ತು ಕಾಮಾಲೆ ನೋಡಿಸಬೇಕು; ಕಾಮಾಲೆ ಏರುವುದು ಮನೆಗೆ ಬಂದ ಮೇಲೆಯೇ. ಮುಂದಿನ ಲಸಿಕೆ ಆರು ವಾರಕ್ಕೆ.

ಮೊದಲ ತಿಂಗಳಲ್ಲಿ ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ (ಪೂರ್ತಿ ಒಂದು ನಿಮಿಷ ಎಣಿಸಿ), ಉಸಿರೆಳೆದಾಗ ಎದೆಯ ಕೆಳಭಾಗ ಗುಳಿ ಬಿದ್ದರೆ, ಮೈ 38 ಡಿಗ್ರಿ ಮುಟ್ಟಿದರೆ ಅಥವಾ ತಣ್ಣಗಾಗಿ ಬೆಚ್ಚಗೆ ಸುತ್ತಿದರೂ 36.5ಕ್ಕೆ ಏರದಿದ್ದರೆ, ಹಸಿರು ವಾಂತಿಯಾದರೆ, ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ ಎನ್‌ಐಸಿಯು ಇರುವ ಆಸ್ಪತ್ರೆಗೆ ಹೋಗಿ. ನಿಮ್ಮ ಮನೆಗೆ ಹತ್ತಿರದ್ದು ಯಾವುದು, ಅದರ ಎಮರ್ಜೆನ್ಸಿ ಗೇಟು ಎಲ್ಲಿದೆ ಎಂಬುದನ್ನು ಹೆರಿಗೆಗೆ ಮೊದಲೇ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ. ಗಾಡಿ ಸಿಗದಿದ್ದರೆ 108.